ಕೆಂಪು ಸುತ್ತಿಲ್ಲದ ಅರ್ಜಿ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಗುಮಾಸ್ತನ ವರ್ಗಾವಣೆ ಅರ್ಜಿ ನಾಲ್ಕನೆಯ ಸಲ ವಾಪಸ್ಸು ಬಂತು. ಈ ಸಲ ಕೆಂಪು ಸುತ್ತು ಬಿದ್ದದ್ದು 'ಫಾರ್' ಎಂಬ ಪುಟ್ಟ ಪದದ ಮೇಲೆ. ಪದ ಪುಟ್ಟದಾದರೇನು, ಒಂದು ಸಂಸಾರ ಕೆಡಿಸಲು ಅಷ್ಟು ಸಾಕು.

ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಅವನು ಒಂಬತ್ತು ವರ್ಷದಿಂದ ಗುಮಾಸ್ತ. ಹೆಂಡತಿ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನರ್ಸ್. ನಡುವೆ ಬಸ್ಸಿನಲ್ಲಿ ಹನ್ನೊಂದು ಗಂಟೆಯ ದಾರಿ. ಮದುವೆಯಾಗಿ ಆರು ವರ್ಷವಾದರೂ ಇಬ್ಬರೂ ಒಂದೇ ಸೂರಿನಡಿ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳೂ ಆಗುತ್ತಿರಲಿಲ್ಲ. ನಾಲ್ಕು ವರ್ಷದ ಮಗಳು ಅವನನ್ನು 'ಫೋನಪ್ಪ' ಎನ್ನುತ್ತಿದ್ದಳು. ಕೇಳಿದವರೆಲ್ಲ ನಗುತ್ತಿದ್ದರು, ಅವನೂ ನಗುತ್ತಿದ್ದ, ಆಮೇಲೆ ಊಟ ಸೇರುತ್ತಿರಲಿಲ್ಲ. ಈಗ ಆ ಊರಿನ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಇಲ್ಲಿಂದ ಯಾರನ್ನಾದರೂ ಒಬ್ಬರನ್ನು ಕಳಿಸಬಹುದೆಂದು ಮುಖ್ಯ ಕಚೇರಿ ತಿಳಿಸಿತ್ತು. ಸಾಹೇಬರ ಶಿಫಾರಸ್ಸಿನೊಂದಿಗೆ ಅರ್ಜಿ ಇವತ್ತು ಸಂಜೆ ಐದರ ಟಪಾಲು ಚೀಲ ಸೇರಬೇಕಿತ್ತು. ಅದು ತಪ್ಪಿದರೆ ಮಗಳ ಮದುವೆಯ ಹೊತ್ತಿಗಾದರೂ ಒಟ್ಟಿಗಿರಬಹುದು ಎಂದು ಆಸೆ ಇಟ್ಟುಕೊಳ್ಳುವುದೊಂದೇ ಉಳಿದ ದಾರಿ.

ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಕೈಕಾಲು ಹಿಡಿದು ಕೆಲಸ ಮಾಡಿಸಿಕೊಳ್ಳಬಹುದಿತ್ತು. ಅವರು ಇಂಗ್ಲಿಷ್ ಪ್ರೇಮಿಗಳು. ಅದರಲ್ಲೂ ಪ್ರಿಪೊಸಿಷನ್ ಎಂದರೆ ಪ್ರಾಣ. "ಇನ್ ಇರೋ ಕಡೆ ಆನ್ ಹಾಕೋನು ನಾಳೆ ಕುಡಿಯೋ ನೀರಿನ ಪೈಪಿಗೆ ಚರಂಡಿ ಪೈಪು ಜೋಡಿಸ್ತಾನೆ," ಎನ್ನುವುದು ಅವರ ಸಿದ್ಧಾಂತ. ಕೈಗೆ ಬಂದ ಪತ್ರವನ್ನು ಓದುತ್ತಾ ಹೋಗುವರು. ಮೊದಲ ತಪ್ಪು ಸಿಕ್ಕಿದಲ್ಲಿ ಕೆಂಪು ಸುತ್ತು ಹಾಕಿ ಓದು ನಿಲ್ಲಿಸುವರು. ಮುಂದಿನ ಸಾಲಿನಲ್ಲಿ ಏನಿದೆ ಎಂದು ಕಣ್ಣೆತ್ತಿಯೂ ನೋಡುವುದಿಲ್ಲ. ಸರಿಯಾದ ಪದ ಯಾವುದೆಂದು ಹೇಳುವುದೂ ಇಲ್ಲ. ಹೇಳಿಬಿಟ್ಟರೆ ಕಲಿಯುವುದು ಯಾವಾಗ?

ಹೀಗಾಗಿ ಗುಮಾಸ್ತನ ಹನ್ನೆರಡು ಸಾಲಿನ ಅರ್ಜಿಯಲ್ಲಿ ಸಾಹೇಬರು ನಾಲ್ಕು ದಿನಕ್ಕೆ ನಾಲ್ಕನೆಯ ಸಾಲಿಗೆ ಬಂದಿದ್ದರು. ಸೋಮವಾರ 'ಮ್ಯಾರೀಡ್ ವಿತ್' ಎಂಬಲ್ಲಿ ಸುತ್ತು. ಮಂಗಳವಾರ 'ಸಿನ್ಸ್ ನೈನ್ ಇಯರ್ಸ್'. ಬುಧವಾರ 'ಇನ್ ದ ಹಾಸ್ಪಿಟಲ್'. ಇವತ್ತು 'ಐ ರಿಕ್ವೆಸ್ಟ್ ಫಾರ್ ಎ ಟ್ರಾನ್ಸ್‌ಫರ್'.

"ಫಾರ್ ಅಲ್ಲ ಅಂದ್ರೆ ಟು ಇರ್ಬೇಕು," ಎಂದರು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ. ಆ ಕಚೇರಿಯಲ್ಲಿ ಯಾರ ಸಂಕಟವಾದರೂ ಮೊದಲು ತಿಳಿಯುತ್ತಿದ್ದುದು ಅವರಿಗೆ. "ನಿನ್ನೆ ಆಸ್ಪತ್ರೆ ವಿಷಯದಲ್ಲೂ ನಾನೇ ತಾನೆ ಹೇಳಿದ್ದು? ಇನ್ ಅಂದ್ರೆ ಹೆಂಡತಿ ಮಂಚದ ಮೇಲೆ ಮಲಗಿದಾಳೆ, ಅಟ್ ಅಂದ್ರೆ ಮಂಚದ ಪಕ್ಕ ನಿಂತಿದಾಳೆ."

"ಟು ಹಾಕಿ ಅದೂ ತಪ್ಪಾದ್ರೆ?"

"ಆಫ್ ಹಾಕಿ."

"ಅದೂ ತಪ್ಪಾದ್ರೆ ಅಕ್ಕಾ? ಇವತ್ತು ಕೊನೇ ದಿನ!"

ಅಕ್ಕ ಕನ್ನಡಕ ಸರಿಮಾಡಿಕೊಂಡು ತಮ್ಮ ಕೆಲಸಕ್ಕೆ ತಿರುಗಿದರು. ಗುಮಾಸ್ತನಿಗೆ ಅಳು ಬರುವಂತಾಯಿತು. ನಮ್ಮ ಭಾಷೆಯಲ್ಲಿ 'ಅಲ್ಲಿ' ಎಂಬ ಒಬ್ಬಳೇ ಸೊಸೆ. ಮನೆಯಲ್ಲಿ, ಬಾಗಿಲಲ್ಲಿ, ಬಸ್ಸಿನಲ್ಲಿ, ಊರಿನಲ್ಲಿ ಎಲ್ಲ ಕೆಲಸವನ್ನೂ ಅವಳೇ ತುಟಿಪಿಟಕ್ಕೆನ್ನದೆ ಮಾಡುತ್ತಾಳೆ. ಇಂಗ್ಲಿಷಿನವರ ಮನೆಯಲ್ಲಿ ಇನ್, ಆನ್, ಅಟ್ ಎಂದು ಮೂವರು ಸೊಸೆಯರು. ಒಬ್ಬಳ ಪಾತ್ರೆ ಇನ್ನೊಬ್ಬಳು ಮುಟ್ಟಿದರೆ ರಾದ್ಧಾಂತ. ಆ ರಾದ್ಧಾಂತಕ್ಕೆ ತಾನೇಕೆ ಸಂಸಾರ ಕಳೆದುಕೊಳ್ಳಬೇಕು ಎಂದು ಅವನಿಗೆ ಅರ್ಥವೇ ಆಗಲಿಲ್ಲ.

ಅಷ್ಟರಲ್ಲಿ ಕಿಟಕಿಯಾಚೆ ಯಾರೋ ಕೆಮ್ಮಿದರು. ಎರಡು ತಿಂಗಳಿಂದ ಒಂದೇ ದೂರು ಹಿಡಿದು ಅಲೆಯುತ್ತಿದ್ದ ಮೇಷ್ಟ್ರು. ನಲ್ಲಿಯಲ್ಲಿ ನೀರೇ ಬರದಿದ್ದರೂ ಅವರ ಮನೆಯ ಮೀಟರು ಓಡುತ್ತಿತ್ತಂತೆ. ನಿವೃತ್ತರಾಗುವ ಮೊದಲು ಮೂವತ್ತೈದು ವರ್ಷ ಅವರು ಪಾಠ ಮಾಡಿದ್ದು ಇಂಗ್ಲಿಷು. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎಂದುಕೊಂಡ ಗುಮಾಸ್ತ ಎದ್ದು ನಿಂತು, ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವರಿಗೆ ಕುರ್ಚಿ ಕೊಟ್ಟ.

ಮೇಷ್ಟ್ರು ಅರ್ಜಿಯ ಮೇಲೆ ಕಣ್ಣಾಡಿಸಿದರು. "ಇದನ್ನ ಬರೆದೋರು ಯಾರು?"

"ನಾನೇ ಸರ್."

"ಓದಿದ್ದು ಯಾವ ಸ್ಕೂಲು?"

ಹೇಳಿದ.

"ಸದ್ಯ, ನಮ್ಮದಲ್ಲ. ಇನ್ನೂ ಎಂಟು ತಪ್ಪಿದಾವೆ. ಫಾರ್ ಜಾಗದಲ್ಲಿ ಏನು ಹಾಕ್ಬೇಕು ಗೊತ್ತಾ? ಏನೂ ಇಲ್ಲ! ಅಲ್ಲಿ ಯಾವ ಪ್ರಿಪೊಸಿಷನ್ನೂ ಬೇಡ, ಖಾಲಿ ಬಿಡಿ."

ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡು ಹುಡುಕಿದ್ದು ಇಲ್ಲದ ವಸ್ತುವನ್ನು! ಗುಮಾಸ್ತ ಕೈಮುಗಿದ. "ಸರ್, ಮಿಕ್ಕಿದ್ದನ್ನೂ ತಿದ್ದಿಕೊಡಿ. ನಿಮ್ಮ ಉಪಕಾರ ಮರೆಯಲ್ಲ."

"ತಿದ್ದೋಣ, ಮನೇಲಿ ಕೂತು ತಿದ್ದೋಣ. ನೀವೂ ಹಾಗೇ ಮೀಟರ್ ಬದಲಾಯಿಸಿ ಬರಬಹುದು," ಎಂದು ಮೇಷ್ಟ್ರು ಅರ್ಜಿಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

ಮೀಟರ್ ವಿಭಾಗದ ಗುಮಾಸ್ತನಿಗೆ ಮೀಟರಿನ ನಂಬರು ಬರೆದು ಗೊತ್ತೇ ಹೊರತು ಬಿಚ್ಚಿ ಗೊತ್ತಿರಲಿಲ್ಲ. ರಿಪೇರಿಯವರು ಆ ದಿನ ಬೇರೆ ಬಡಾವಣೆಗೆ ಹೋಗಿದ್ದರು. ಸ್ಟೋರಿನಿಂದ ಹೊಸ ಮೀಟರನ್ನೂ ಒಂದು ಸ್ಪ್ಯಾನರನ್ನೂ ಹಿಡಿದು ಅವನೇ ಹೊರಟ. ಮೇಷ್ಟ್ರ ಮನೆಯಂಗಳದಲ್ಲಿ ಕೂತು, ಉಸಿರು ಬಿಗಿಹಿಡಿದು ಸ್ಪ್ಯಾನರ್ ತಿರುಗಿಸಿದ. ಮೊದಲು ವಾಲ್ವ್ ಮುಚ್ಚಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಎರಡು ತಿಂಗಳಿಂದ ಬಾರದ ನೀರು ಅವತ್ತೇ, ಆಗಲೇ ಬಂತು. ಎದೆಗೆ, ಮುಖಕ್ಕೆ, ಕಿವಿಯೊಳಕ್ಕೆ ನುಗ್ಗಿತು.

ಜಗಲಿಯ ಮೇಲೆ ನೀರು ತಾಗದ ಜಾಗದಲ್ಲಿ ಕೂತಿದ್ದ ಮೇಷ್ಟ್ರು ಅರ್ಜಿಯಿಂದ ತಲೆ ಎತ್ತಲಿಲ್ಲ. "ಐದನೇ ಸಾಲು ಕೇಳಿ. 'ಮೈ ಡಾಟರ್ ಈಸ್ ಸಫರಿಂಗ್ ಬೈ ಮೈ ಆಬ್ಸೆನ್ಸ್' ಅಂತೆ! ಫ್ರಮ್ ಅಲ್ವೇನ್ರಿ?"

"ಫ್ರಮ್ ಸರ್!" ಎಂದು ನೀರಿನೊಳಗಿಂದ ಗುಮಾಸ್ತ ಕೂಗಿದ.

ಹೇಗೋ ಮೀಟರ್ ಕೂತಿತು. ಆದರೆ ನೀರು ಕಂಡ ಬೀದಿ ಸುಮ್ಮನಿರುತ್ತದೆಯೇ? ಎದುರುಮನೆಯ ಅಜ್ಜಿ ಬಂದರು, ಪಕ್ಕದ ಮನೆಯ ದರ್ಜಿ ಬಂದ, ಅವನ ಹಿಂದೆ ಅವನ ಅತ್ತಿಗೆ ಬಂದಳು. "ಬಂದಿದ್ದೇ ಬಂದಿದೀಯ, ನಮ್ಮನೇದೂ ಸ್ವಲ್ಪ ನೋಡಿಬಿಡಪ್ಪಾ," ಎಂದರು ಅಜ್ಜಿ. ಗುಮಾಸ್ತ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, "ನೋಡಿ ಬನ್ನಿ, ಇನ್ನೂ ಮೂರು ಸಾಲಿದೆ, ನನಗೇನೂ ಅವಸರ ಇಲ್ಲ," ಎಂದರು. ಅವನ ಸಂಸಾರ ಅವರ ಕೈಯಲ್ಲಿತ್ತು. ಮೂರು ಮನೆಯ ಮೀಟರ್ ಬಿಚ್ಚಿ, ತೊಳೆದು, ಕೂರಿಸಿ, ಒದ್ದೆ ಬಟ್ಟೆಯಲ್ಲಿ ಓಡುತ್ತಾ ಅವನು ಕಚೇರಿ ಸೇರಿದಾಗ ನಾಲ್ಕೂಕಾಲು.

ಟೈಪಿಸ್ಟ್ ಅಕ್ಕ ಕೈಲಿದ್ದ ಕೆಲಸ ಬಿಟ್ಟು ಟೈಪು ಮಾಡಿಕೊಟ್ಟರು, ಪುಣ್ಯಾತ್ಗಿತ್ತಿ. ಹಾಳೆ ಹಿಡಿದು ಸಾಹೇಬರ ಕೋಣೆಯ ಬಾಗಿಲಿಗೆ ಹೋದವನು ಕೊನೆಯ ಸಲ ಓದಿಕೊಂಡ. ನಾಲ್ಕನೆಯ ಸಾಲಿನಲ್ಲಿ 'ಫಾರ್' ಮತ್ತೆ ಬಂದು ಕೂತಿತ್ತು!

"ಅಕ್ಕಾ! ಇದೇನಿದು?"

"ಅದಾ? ಮೇಷ್ಟ್ರು ಅವಸರದಲ್ಲಿ ಬಿಟ್ಟಿದ್ರು, ಬೋಳು ಬೋಳಾಗಿ ಕಾಣ್ತಿತ್ತು. ನಾನೇ ಸೇರಿಸ್ದೆ."

ಅವನ ಕಿರುಚಾಟಕ್ಕೆ ಸ್ಟೋರಿನಲ್ಲಿ ಮಲಗಿದ್ದ ಸ್ಟೋರ್ ಕೀಪರಿಗೆ ಎಚ್ಚರವಾಯಿತು. ಕಚೇರಿಯವರೆಲ್ಲ ಅವನನ್ನು ಗೊರಕೆಯಣ್ಣ ಎನ್ನುತ್ತಿದ್ದರು. ಹೊಸ ಮೀಟರಿನ ಪೆಟ್ಟಿಗೆಗಳೇ ಅವನ ಹಾಸಿಗೆ. ಆಕಳಿಸುತ್ತಾ ಹೊರಬಂದು, "ಏನ್ರಪ್ಪಾ ಗಲಾಟೆ?" ಎಂದು ಕೇಳಿದ. ಅಕ್ಕ ಎರಡನೆಯ ಸಲ ಟೈಪು ಮಾಡುತ್ತಲೇ ವಿಷಯ ತಿಳಿಸಿದರು.

"ಓ, ಜಾಗ ಖಾಲಿ ಇದೆಯಾ? ತಡೀರಿ, ನಾನೂ ಒಂದು ಹಾಕ್ತೀನಿ. ಹೋದ್ರೆ ಒಂದು ಹಾಳೆ ತಾನೆ?" ಎಂದವನು ಪ್ಯಾಕಿಂಗ್ ಕಾಗದದ ಒಂದು ತುಂಡು ಹರಿದು, ಗೋಡೆಗೆ ಒತ್ತಿ ಹಿಡಿದು ಬರೆದ. 'ಸರ್, ಮೀ ಗೋ. ಯು ಸೈನ್. ಥ್ಯಾಂಕ್ಸ್.'

ಗುಮಾಸ್ತ ಅದನ್ನು ಓದಿ ಇಡೀ ದಿನದಲ್ಲಿ ಮೊದಲ ಸಲ ನಕ್ಕ. ನಗುವಷ್ಟು ಧೈರ್ಯ ಈಗ ಅವನಿಗಿತ್ತು. "ಅಣ್ಣಾ, ಇದನ್ನ ಕೊಟ್ರೆ ಸಾಹೇಬ್ರು ನಿಮ್ಮನ್ನ ಸುಮ್ನೆ ಬಿಡ್ತಾರಾ?"

"ಬಿಡದೇ ಇದ್ರೆ ವಾಪಸ್ ಹೋಗಿ ಮಲಗ್ತೀನಿ," ಎಂದ ಗೊರಕೆಯಣ್ಣ.

ನಾಲ್ಕು ಐವತ್ತಕ್ಕೆ ಇಬ್ಬರೂ ಒಳಗೆ ಹೋದರು. ಸಾಹೇಬರು ಮೊದಲು ಗುಮಾಸ್ತನ ಅರ್ಜಿ ಎತ್ತಿಕೊಂಡು ಕೆಂಪು ಪೆನ್ನು ತೆರೆದರು. ಪೆನ್ನು ಮೊದಲ ಸಾಲು ದಾಟಿತು, ಎರಡನೆಯದನ್ನು ದಾಟಿತು. ನಾಲ್ಕನೆಯ ಸಾಲಿನಲ್ಲಿ ಒಂದು ಕ್ಷಣ ನಿಂತಿತು. ಗುಮಾಸ್ತ ಒದ್ದೆ ಅಂಗಿಯ ತುದಿ ಹಿಂಡಿದ. ಪೆನ್ನು ಮುಂದಕ್ಕೆ ಹೋಯಿತು, ಹನ್ನೆರಡನೆಯ ಸಾಲಿನ ಕೊನೆ ಮುಟ್ಟಿತು. ಸಾಹೇಬರು ಮತ್ತೊಮ್ಮೆ ಮೊದಲಿನಿಂದ ಓದಿದರು. ಆಮೇಲೆ ಪೆನ್ನು ಮುಚ್ಚಿ ಕನ್ನಡಕ ತೆಗೆದರು. ಅವರ ಕಣ್ಣು ತೇವವಾಗಿತ್ತು.

"ಹದಿನೆಂಟು ವರ್ಷ ಆಯ್ತು ಕಣ್ರೀ ನಾನು ಈ ಕುರ್ಚೀಲಿ ಕೂತು. ಒಂದು ಸುತ್ತೂ ಹಾಕದೆ ಓದಿದ ಮೊದಲ ಕಾಗದ ಇದು."

ಸಾಹೇಬರು ಪ್ಯಾಕಿಂಗ್ ಕಾಗದದ ತುಂಡನ್ನೂ ಎತ್ತಿ ನೋಡಿದರು, ಹಿಂದುಮುಂದಾಗಿ ತಿರುಗಿಸಿದರು. ಕುತ್ತಿಗೆಯ ನರ ಉಬ್ಬಿತು. ಸೀಲು ಒತ್ತಿ, ಸಹಿ ಮಾಡಿ, 'ಬಲವಾಗಿ ಶಿಫಾರಸ್ಸು ಮಾಡಿದೆ' ಎಂದು ಬರೆದು ಬೆಲ್ಲು ಹೊಡೆದರು. ಬಂದ ಟಪಾಲಿನವನ ಕೈಗೆ ಆ ತುಂಡನ್ನು ಕೊಟ್ಟು, "ಹೂಂ, ಚೀಲಕ್ಕೆ ಹಾಕು," ಎಂದರು.

"ಸರ್, ನಂದು?" ಎಂದ ಗುಮಾಸ್ತ.

"ನಿಮ್ಮನ್ನ ಕಳಿಸ್ತೀನಾ? ನನಗೇನು ಹುಚ್ಚಾ? ಪ್ರಿಪೊಸಿಷನ್ ಬಲ್ಲ ಒಬ್ಬ ಮನುಷ್ಯ ಸಿಗಲಿ ಅಂತ ಹದಿನೆಂಟು ವರ್ಷ ಕಾದಿದೀನಿ. ನಾಳೆಯಿಂದ ಮುಖ್ಯ ಕಚೇರಿಗೆ ಹೋಗೋ ಕಾಗದ ಎಲ್ಲ ನೀವೇ ಬರೀಬೇಕು. ಇನ್ನು ಈ ಪ್ರಾಣಿ," ಎಂದು ಗೊರಕೆಯಣ್ಣನತ್ತ ಬೆರಳು ತೋರಿಸಿದರು, "ಇವನು ನನ್ನ ಆಫೀಸಲ್ಲಿ ಒಂದು ದಿನ ಹೆಚ್ಚಿಗೆ ಇದ್ರೂ ನನಗೆ ಅವಮಾನ. ಎಲ್ಲಾದರೂ ದೂರ ಹೋಗಲಿ."

"ಸರ್, ಹೆಂಡತಿ, ಮಗು..."

"ಓದಿದ್ನಲ್ಲಾ! ಮಗು ವಿಷಯ ಎಷ್ಟು ಚೆನ್ನಾಗಿ ಬರೆದಿದೀರಿ. 'ಸಫರಿಂಗ್ ಫ್ರಮ್'! ಕಣ್ಣಲ್ಲಿ ನೀರು ಬಂತು."

"ಸರ್, ದೇವರಾಣೆ, ಅದನ್ನ ಬರೆದಿದ್ದು ನಾನಲ್ಲ. ಒಬ್ಬರು ಮೇಷ್ಟ್ರ ಕೈಲಿ ಬರೆಸಿದ್ದು."

ಸಾಹೇಬರು ಮೆಚ್ಚುಗೆಯಿಂದ ತಲೆದೂಗಿದರು. "ವಿದ್ಯೆ ಇರೋರಿಗೆ ವಿನಯ ಇರೋದಿಲ್ಲ. ನಿಮಗೆ ಅದೂ ಇದೆ. ಹೋಗಿ, ಬಟ್ಟೆ ಬದಲಾಯಿಸ್ಕೊಳ್ಳಿ, ಶೀತ ಆಗುತ್ತೆ."

ಹೊರಗೆ ಬಂದಾಗ ಟಪಾಲು ಚೀಲ ಹೊರಟುಹೋಗಿತ್ತು. ಗೊರಕೆಯಣ್ಣ ಮೋರೆ ಇಳಿಬಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. "ಇದೇನಪ್ಪಾ ಗ್ರಹಚಾರ, ಯಾವನಿಗೆ ಬೇಕಿತ್ತು ಆ ಊರು? ನಿಮ್ಮನೆಯವರು ಅಲ್ಲೇ ಇರೋದಲ್ವಾ? ಒಂದು ಬಾಡಿಗೆ ಮನೆ ನೋಡೋಕೆ ಹೇಳಿ. ಆಸ್ಪತ್ರೆ ಹತ್ತಿರ ಆದ್ರೆ ಅನುಕೂಲ, ನನಗೆ ಬಿಪಿ ಇದೆ."

ಗುಮಾಸ್ತನಿಗೆ ಅವನ ಕುತ್ತಿಗೆ ಹಿಸುಕುವ ಮನಸ್ಸಾಯಿತು. ಪಾಪ, ಅವನದೇನು ತಪ್ಪು? ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಸಹಿ ಆಯ್ತಾ?"

"ಆಯ್ತು," ಎಂದ ಗುಮಾಸ್ತ.

"ನಿಜವಾಗ್ಲೂ? ಚೀಲ ಹೋಯ್ತಾ?"

"ಹೋಯ್ತು. ಅಲ್ಲಿ ಯಾವುದಾದರೂ ಬಾಡಿಗೆ ಮನೆ ಖಾಲಿ ಇದೆಯಾ, ನೋಡು."

ಅವಳು ನಕ್ಕಳು. ಅಷ್ಟು ಬಿಚ್ಚಿ ನಕ್ಕದ್ದನ್ನು ಅವನು ಎಷ್ಟು ವರ್ಷಗಳಿಂದ ಕೇಳಿರಲಿಲ್ಲವೋ. "ಬೇರೆ ಮನೆ ಯಾಕ್ರೀ? ನಮ್ಮ ಮೂರು ಜನಕ್ಕೆ ಇದೇ ಸಾಕು."

"ನಮಗಲ್ಲ," ಎಂದ ಅವನು. "ನಮ್ಮ ಸ್ಟೋರ್ ಕೀಪರಿಗೆ."