ಪಟ್ಟದ ರಾಜನ ನಿಲುವಂಗಿ

ಗಾರ್ಮೆಂಟಿನಲ್ಲಿ ದುಡಿಯುವವಳಿಗೆ ಹೊಲಿಗೆಯೆಲ್ಲ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಟೈರಿಗೆ ಗಾಳಿ ತುಂಬುವವನ ಕೈಗೆ ಬಸ್ಸು ಕೊಟ್ಟು ತಿರುಪತಿಗೆ ಹೊರಟಂತೆ ಇದು. ಮಡಕಶಿರಾ ಕಡೆಯಿಂದ ಗಂಡನ ಜೊತೆ ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವಲ್ಲಿ ಸೇರಿದ ನಾನು ಅಂದಿನಿಂದ ಹೊಲಿದದ್ದು ಜಿಪ್ಪು ಮಾತ್ರ. ಕಾಲು, ಜೇಬು, ಸೊಂಟಪಟ್ಟಿ ಬೇರೆಯವರ ಪಾಲು. ಪ್ಯಾಂಟು ಪೂರ್ತಿ ಹೇಗಾಗುತ್ತದೆ ಎಂಬುದು ಹಾಕಿಕೊಳ್ಳುವವನಿಗೆ ಗೊತ್ತಿರುವಷ್ಟೇ ನನಗೂ ಗೊತ್ತು.

ಹೀಗಿರುವಾಗ ದಸರೆಗೆ ಮುಂಚೆ ನಮ್ಮ ಮನೆಯ ಮಾಲಕಿ ಗೌರಮ್ಮನವರು ಮರದ ಪಟ್ಟದ ಗೊಂಬೆಗಳನ್ನು ಎತ್ತಿಕೊಂಡು ಬಂದರು. ರಾಜ, ರಾಣಿ ಇಬ್ಬರ ಬಟ್ಟೆಯನ್ನೂ ಇಲಿ ತಿಂದಿತ್ತು.

"ನೀ ಟೈಲರ್ ಇದ್ದೀಯಲ್ಲವ್ವಾ, ಹಿಂದ ನಮ್ಮ ರಾಯದುರ್ಗದ ಪಾಳೆಗಾರ್ರು ಹಾಕ್ಕೋತಿದ್ದಂಥ ಉದ್ದನ ಅಂಗಿ ಹೊಲ್ದು ಕೊಡು. ಬಳ್ಳಾರಿಯಿಂದ ನಮ್ಮ ನಾದಿನಿ ಬರ್ತಾಳ. ಆಕಿ ಪ್ರತಿ ವರ್ಷ ನನ್ನ ಗೊಂಬ್ಯಾಗ ಏನಾರ ಕೊಂಕು ತೆಗೀತಾಳ."

ಆಗುವುದಿಲ್ಲ ಅನ್ನಲು ಬಾಯಿ ತೆರೆದರೆ "ಅದ್ಕೇನಮ್ಮ, ಹೊಲ್ಕೊಡ್ತೀನಿ" ಎಂದು ಬಂತು. ಟೈಲರ್ ಎಂದು ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ.

ರಾಣಿ ಸಲೀಸು, ಹಳೆಯ ರೇಷ್ಮೆ ಸೀರೆಯ ತುಂಡು ಉಡಿಸಿದೆ. ರಾಜನಿಗೆ ಕೆಂಪು ಬಟ್ಟೆಯಲ್ಲಿ ಉದ್ದ ತೋಳಿನ, ಜರಿಯಂಚಿನ ನಿಲುವಂಗಿ ಹೊಲಿದೆ. ತೊಡಿಸಲು ಹೋದಾಗ ತಿಳಿಯಿತು, ಕೆತ್ತಿದವರು ರಾಜನ ಕೈಗಳನ್ನು ಮೈಯಿಂದ ಬಿಡಿಸಿಯೇ ಇರಲಿಲ್ಲ. ತಲೆಯ ಮೇಲಿಂದ ಇಳಿಸೋಣವೆಂದರೆ ಪೇಟ ಅಡ್ಡ.

"ನಿಮ್ ರಾಜ ಕೈ ಎತ್ತಾಕಿಲ್ಲ ಕಣೆ, ಬಿಟ್ಬಿಡು" ಎಂದು ಗಂಡ ನಕ್ಕ. ಆ ನಗುವಿಗೇ ನನಗೆ ಹಟ ಬಂತು. ತೋಳು ಬಿಚ್ಚಿ ಅಂಗಿಯ ಮುಂಭಾಗಕ್ಕೇ ಚಪ್ಪಟೆಯಾಗಿ ಹೊಲಿದೆ. ಬೆನ್ನನ್ನು ಉದ್ದಕ್ಕೂ ಸೀಳಿದೆ. ಸೀಳಿದ್ದನ್ನು ಮುಚ್ಚಲು ನನಗೆ ಬರುವ ವಿದ್ಯೆ ಒಂದೇ. ಹಿತ್ತಾಳೆ ಜಿಪ್ಪು ಕೂರಿಸಿ ಸರ್ರನೆ ಎಳೆದೆ. ಮುಂದಿನಿಂದ ಪಕ್ಕಾ ಪಾಳೆಗಾರ. ಬೆನ್ನು ಮಾತ್ರ ಜೀನ್ಸ್ ಪ್ಯಾಂಟು.

ಬಳ್ಳಾರಿಯ ನಾದಿನಿ ಬಂದವರೇ "ಅಂಗಿ ಚೆಂದ ಐತಿ" ಎಂದು ರಾಜನನ್ನು ಕೈಗೆತ್ತಿಕೊಂಡು ಹಿಂದಕ್ಕೆ ತಿರುಗಿಸಿದರು. ಗೌರಮ್ಮನವರ ಮುಖ ಬಿಳುಚಿತು. ನಾನು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟೆ. ನಾದಿನಿ ಜಿಪ್ಪನ್ನು ಕೆಳಗೆಳೆದರು, ಮೇಲೆಳೆದರು, ಇನ್ನೊಮ್ಮೆ ಕೆಳಗೆಳೆದರು.

"ನಮ್ಮ ಮನಿ ರಾಜಗ ಪ್ರತಿ ವರ್ಷ ಬೆನ್ನಾಗ ಸೂಜಿ ಚುಚ್ಚಿ ಅಂಗಿ ನಿಲ್ಸಿ ಸಾಕಾಗೇತ್ರಿ. ಇದನ್ನ ಹೊಲ್ದಾಕಿ ಯಾರು?"

"ನಮ್ಮ ಟೈಲರ್" ಎಂದರು ಗೌರಮ್ಮನವರು, ಜಿಪ್ಪು ತಮ್ಮದೇ ಉಪಾಯವೆಂಬಂತೆ.

ಆಮೇಲೆ ನೋಡಲು ಬಂದವರೆಲ್ಲ ಬೆನ್ನೇ ತೋರಿಸಿ ಎಂದು ಕೇಳತೊಡಗಿದ್ದರಿಂದ, ರಾಜ ಹಬ್ಬ ಮುಗಿಯುವವರೆಗೆ ಗೋಡೆಗೆ ಮುಖ ಮಾಡಿ ನಿಂತು ದರ್ಬಾರು ನಡೆಸಿದ. ಬಳ್ಳಾರಿಯ ರಾಜನ ಅಳತೆಯೂ ನನ್ನ ಕೈಗೆ ಬಂತು.

ಹಬ್ಬ ಮುಗಿದ ಮರುದಿನ ಗಂಡ ತನ್ನ ಅಂಗಿ ಹಿಡಿದು ಬಂದ. "ಗುಂಡಿ ಕಿತ್ತೋಗೈತೆ, ವಸಿ ಹಾಕ್ಕೊಡೆ."

"ನಾನೀಗ ರಾಜರಿಗೆ ಮಾತ್ರ ಹೊಲಿಯೋದು" ಎಂದೆ.

ಅವನು ಸೂಜಿಗೆ ದಾರ ಪೋಣಿಸಿಕೊಂಡು ಗುಂಡಿಯನ್ನು ತಾನೇ ಹಾಕಿಕೊಂಡ. ಅವನು ಸ್ನಾನಕ್ಕೆ ಹೋದಾಗ ಅಂಗಿಯನ್ನು ಕದ್ದು ನೋಡಿದೆ. ಅವನ ಹೊಲಿಗೆ ನನ್ನದಕ್ಕಿಂತ ನೀಟಾಗಿತ್ತು. ಗೌರಮ್ಮನವರಿಗೆ ಇದು ತಿಳಿಯದಂತೆ ನೋಡಿಕೊಂಡಿದ್ದೇನೆ.