ಜಾರಿ ಬಿದ್ದು ಪದಕ ಪಡೆದ ನಾವಿಕ

ಕೆಲಸ ಹೋದವನನ್ನು ಕಂಡರೆ ಊರಿನ ಬಿಟ್ಟಿ ಕೆಲಸಗಳೆಲ್ಲ ಹುಡುಕಿಕೊಂಡು ಬರುತ್ತವೆ. ರಿಸೆಷನ್‌ನಲ್ಲಿ ಅಮೆರಿಕದ ಡೆಟ್ರಾಯಿಟ್ ಪಕ್ಕದ ವಾರೆನ್‌ನ ನಮ್ಮ ಆಫೀಸು ಇಡೀ ಟೀಮನ್ನೇ ಮನೆಗೆ ಕಳಿಸಿತ್ತು. ಆ ಚಳಿಗಾಲ ಲೈಬ್ರರಿಯಲ್ಲಿ ಕೂತು ಕಂಡಕಂಡಲ್ಲಿಗೆ ಅಪ್ಲೈ ಮಾಡುತ್ತಿದ್ದೆ. ಉತ್ತರವಿಲ್ಲ. ಒಂದು ದಿನ ಲೈಬ್ರರಿಯನ್ ಹಳೇ ಕಾಗದಗಳ ಡಬ್ಬಿ ತಂದಿಟ್ಟರು. "ನಮ್ಮೂರ ಸ್ಮಶಾನದಲ್ಲಿ ನೌಕಾಪಡೆಯ ಪದಕ ಪಡೆದ ನಾವಿಕನೊಬ್ಬ ಇದ್ದಾನೆ. ಸುಮಾರು ನೂರಮೂವತ್ತು ವರ್ಷದ ಹಿಂದಿನವನು. ಅವನ ಈ ಕಾಗದಗಳನ್ನ ಟೈಪ್ ಮಾಡಿ, ಮೇ ತಿಂಗಳಲ್ಲಿ ಯೋಧರ ಸ್ಮರಣೆಯ ದಿನ ಸಮಾಧಿ ಮುಂದೆ ಓದ್ತೀರಾ?"

ಸಾಹಸ

ಬಿರುಗಾಳಿಯಲ್ಲಿ ಅಡುಗೆಯವನು ಸಮುದ್ರಕ್ಕೆ ಬಿದ್ದ, ಈತ ಹಿಂದೆಯೇ ಹಾರಿ ಉಳಿಸಿದ ಅಂತ ಸರ್ಕಾರಿ ಪತ್ರದಲ್ಲಿತ್ತು. ಅವನೇ ತಂಗಿಗೆ ಬರೆದದ್ದೇ ಬೇರೆ: "ನಾನು ಹಾರಲಿಲ್ಲ, ಜಾರಿದೆ. ನನಗೆ ಈಜು ಬರೋದಿಲ್ಲ. ಈಜುತ್ತಿದ್ದ ಅಡುಗೆಯವನ ಕುತ್ತಿಗೆಗೆ ಜೋತುಬಿದ್ದೆ. ಮೇಲಿನಿಂದ ನೋಡಿದವರಿಗೆ ನಾನೇ ಉಳಿಸಿದ ಹಾಗೆ ಕಂಡಿದೆ."

ನನ್ನ ಹೆಂಡತಿ ಕೇಳಿದಳು, "ಪಾಪ, ಆ ಅಡುಗೆಯವನಿಗೆ ಏನು ಕೊಟ್ಟರು ರೀ?"

"ಸೂಪು ಚೆಲ್ಲಿದ್ದಕ್ಕೆ ಬೈಗುಳ."

ಕೆಲಸ

ನಾವಿಕ ಊರಿಗೆ ಬಂದಾಗ ಡೆಟ್ರಾಯಿಟ್‌ನಲ್ಲಿ ಫ್ಯಾಕ್ಟರಿಗಳು ಮುಚ್ಚುತ್ತಿದ್ದವು. ಪದಕ ಸಿಕ್ಕಿಸಿಕೊಂಡು ಒಲೆ ಮಾಡುವ ಕಾರ್ಖಾನೆಗೆ ಹೋದ. "ಇಂಥ ವೀರನ ಕೈಲಿ ಇದ್ದಿಲು ತುಂಬಿಸೋದೇ? ಛೆ!" ಎಂದು ಗುಮಾಸ್ತ ಕೈಮುಗಿದು ಕಳಿಸಿದ. ಮರುದಿನ ಪದಕ ಬಿಚ್ಚಿಟ್ಟು ಹೋದ, ಕೆಲಸ ಸಿಕ್ಕಿತು.

ನಾನೂ ರೆಸ್ಯೂಮೆಯಿಂದ ಪಿಎಚ್‌ಡಿ ತೆಗೆದೆ. ಫೋನ್ ಬಂತು: "ಆ ಐದು ವರ್ಷ ನೀವು ಜೈಲಲ್ಲಿದ್ರಾ?"

ವಾಪಸ್

ಅದೇ ಬಿರುಗಾಳಿಯಲ್ಲಿ ನಾವಿಕನ ಇಬ್ಬರು ಗೆಳೆಯರೂ ಮುಳುಗಿದ್ದರು. ಅದು ಅವನನ್ನು ಬಿಡಲಿಲ್ಲ. "ಅವರಿಗಾಗಿ ಹಾರದವನಿಗೆ ಈ ಪದಕ ಬೇಡ, ವಾಪಸ್ ತಗೊಳ್ಳಿ" ಎಂದು ನೌಕಾಪಡೆಗೆ ಬರೆದ. ಎರಡು ವರ್ಷಕ್ಕೆ ಉತ್ತರ ಬಂತು: "ದಾಖಲೆಯ ಪ್ರಕಾರ ತಾವು ಹಾರಿದ್ದೀರಿ. ದಯವಿಟ್ಟು ಸಹಕರಿಸಿ."

ಮೊಮ್ಮಗಳು

ಮೇ ತಿಂಗಳಲ್ಲಿ ಸಮಾಧಿಯ ಹತ್ತಿರ ಅವನ ಮೊಮ್ಮಗಳು ಕೂತಿದ್ದರು, ಎಂಬತ್ತು ದಾಟಿದ ಅಜ್ಜಿ. ನಿಜ ಓದಲೋ ಬೇಡವೋ ಎಂದು ಕಾಗದ ಮಡಚಿ ಹಿಡಿದೆ.

"ಓದಪ್ಪಾ," ಎಂದರು. "ಜಾರಿದ್ದು ಮನೆಮಂದಿಗೆಲ್ಲ ಗೊತ್ತು. ಕೊನೇ ದಿನಗಳಲ್ಲಿ ಜ್ವರ ಇಳೀಲಿ ಅಂತ ಡಾಕ್ಟರು ನೀರಿನ ತೊಟ್ಟಿಯಲ್ಲಿ ಕೂರಿಸೋಕೆ ಹೇಳಿದ್ರಂತೆ. ನಾಲ್ಕು ಜನ ಎತ್ತಿದ್ರೆ ತಾತ ಮಂಚ ಹಿಡ್ಕೊಂಡು ಕೂಗಿದ್ರಂತೆ: 'ನೀರಿಗೆ ಬೇಡ್ರೋ, ಇನ್ನೊಂದು ಪದಕ ಕೊಟ್ಟುಬಿಡ್ತಾರೆ!'"