ಆರು ಕೈಯ ಕಬ್ಬಿಣ

"ಮುಟ್ಟಬ್ಯಾಡ್ರಿ ರಂಗೂಬಾಯಿ! ಅರಿವಿ ತಾಗಿದ್ರ ಕೆಡ್ತದರಿ!"

ಗಾಜಿನ ಸೀಸೆಯನ್ನು ತಲೆಯ ಮೇಲಕ್ಕೆತ್ತಿ ಮಾರ್ತಾಂಡ ತಾನು ಬಾಡಿಗೆಗಿದ್ದ ವಾಡೆಯ ಮೆಟ್ಟಿಲಿಳಿದು ಓಡಿದ. ಸೀಸೆಯ ಬಾಯಿಗೆ ತುರುಕಲು ಅರಿವೆ ಹಿಡಿದು ಮಾಲೀಕರ ಹೆಂಡತಿ ರಂಗೂಬಾಯಿ ಬೆನ್ನಟ್ಟಿದಳು. ಒಳಗಿದ್ದ ನೇರಳೆ ದ್ರಾವಣ, ಬೀಗತಿಯಂತೆ ಸಣ್ಣದಕ್ಕೂ ಮುಖ ಕೆಡಿಸಿಕೊಳ್ಳುವಂಥದು.

ತುಕ್ಕನ್ನು ಪೊಟ್ಯಾಷ್ ಕ್ಷಾರದಲ್ಲಿ ಕದಡಿ, ಕ್ಲೋರಿನ್ ಹಾಯಿಸಿ, ಬೆಳಗಿನಿಂದ ಇಡೀ ವಾಡೆಯನ್ನು ಕೆಮ್ಮಿಸಿ ಅದನ್ನು ಮಾಡಿದ್ದ. ಇವತ್ತು ತೋರಿಸಿದರೆ ಕಾಲೇಜಿನ ಹಂಗಾಮಿ ಕೆಲಸ ಖಾಯಂ. ಇಲ್ಲದಿದ್ದರೆ ನಾಳೆ ಊರಿಗೆ ವಾಪಸು, ಧಾರವಾಡದ ರೈಲು.

ಬಾವಿಕಟ್ಟೆಯ ಬಳಿ ಮಾಲೀಕ ಅವಧೂತರಾಯರು ಅಡ್ಡ ನಿಂತರು.

"ಬಾವಿ ಔಷಧ ಅಲ್ಲೇನೋ ಇದು? ಕಾಲರಾ ಅಂತ ಮುನ್ಸಿಪಾಲ್ಟಿಯವರು ಓಣ್ಯಾಗಿನ ಎಲ್ಲಾ ಬಾವಿಗೂ ಹಾಕಿದ್ರು, ನಮ್ಮದೊಂದು ಬಿಟ್ರು. ಸುರುವು!"

"ಔಷಧ ಅಲ್ಲರಿ ರಾಯರ, ಕಬ್ಬಿಣ! ಆಕ್ಸಿಜನ್ ಹಿಡೀಲಿಕ್ಕೆ ಕಬ್ಬಿಣಕ್ಕ ಎರಡು ಕೈ, ಭಾಳ ಅಂದ್ರ ಮೂರು. ನಾ ಆರು ಮಾಡೀನಿ."

"ಆರು ಕೈ! ಹಂಗಾರ ದೇವರ ಮನ್ಯಾಗ ಇಡಬೇಕಲ್ಲ! ಸುರುವು ಅಂದ್ನಿ!"

ಮಾರ್ತಾಂಡ ರಂಗೂಬಾಯಿಯ ನೀರಿನ ತಂಬಿಗೆ ಎಳೆದುಕೊಂಡ. "ಔಷಧ ಆಗಿದ್ರ ನೀರಾಗ ಬಣ್ಣ ಉಳೀತದ. ಇದು ಉಳ್ಯೂದಿಲ್ಲ. ನೋಡ್ರಿ." ಅರ್ಧ ಸೀಸೆ ಬಿತ್ತು. ನೊರೆ ಎದ್ದಿತು, ನೇರಳೆ ಮಾಯವಾಯಿತು, ಕಂದು ತುಕ್ಕು ತಳಕ್ಕಿಳಿಯಿತು.

"ಅಯ್ಯ, ನನ್ನ ತಂಬಗಿ!"

"ಜಂಗು ಮಾಡಾಕ ಇಷ್ಟು ಓದಬೇಕೇನೋ?" ಎಂದು ರಾಯರು ದಾರಿ ಬಿಟ್ಟರು. "ನಮ್ಮ ಕಿಡಕಿ ಸರಳು ಓದದs ಮಾಡ್ತಾವು."

ಕಾಲೇಜಿನಲ್ಲಿ ರಸಾಯನದ ಪ್ರೊಫೆಸರ್ ರಘುರಾಮರು ಉಳಿದರ್ಧ ಸೀಸೆಯನ್ನು ಬೆಳಕಿಗೆ ಹಿಡಿದು ಮೂಗು ಮುರಿದರು. "ಪ್ಯಾಟ್ಯಾಗಿನ ಬಾವಿ ಔಷಧ ತಂದು ನನಗ ತೋರಸ್ತಿ. ನಾಚಿಕಿಲ್ಲೇನು?"

ಮಾರ್ತಾಂಡನಿಗೆ ಸಿಟ್ಟು ನೆತ್ತಿಗೇರಿತು. ಸೀಸೆ ಕಸಿದು ಕೊನೆಯ ಹನಿಯವರೆಗೂ ನೀರಿಗೆ ಸುರಿದ. ನೊರೆ, ತುಕ್ಕು.

ಪ್ರೊಫೆಸರರು ಎದ್ದು ಅವನನ್ನು ತಬ್ಬಿಕೊಂಡರು. "ಖರೇ ಅದನೋ ಮಾರಾಯಾ! ಸಂಜಿಗೆ ಪ್ರಿನ್ಸಿಪಾಲರಿಗೆ ಒಮ್ಮೆ ತೋರಿಸಿಬಿಡು, ಕೆಲಸ ನಿಂದು. ನಾ ಎಲ್ಲಾ ಹೇಳಿಡ್ತೀನಿ. ಎಲ್ಲಿ ಅದ ಉಳಿದದ್ದು?"

ಉಳಿದದ್ದು ಖಾಲಿ ಸೀಸೆ. ನಿಜವೆಂದು ತೋರಿಸಲು ಅದನ್ನು ಕೆಡಿಸಬೇಕು, ಕೆಡಿಸಿದ ಮೇಲೆ ತೋರಿಸಲು ಏನೂ ಇರದು. ಮತ್ತೆ ಮಾಡಲು ಅರ್ಧ ದಿನ ಬೇಕು, ಸಂಜೆಗೆ ಅಷ್ಟು ಹೊತ್ತಿಲ್ಲ.

ವಾಡೆಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತವನ ಕತೆ ಕೇಳಿ ರಂಗೂಬಾಯಿಯ ಕರುಳು ಚುರುಕ್ ಎಂದಿತು. ಅಷ್ಟರಲ್ಲಿ ರಾಯರು ಮುನ್ಸಿಪಾಲ್ಟಿಗೆ ಹೋಗಿ ನಿಜವಾದ ಬಾವಿ ಔಷಧ, ಪೊಟ್ಯಾಷ್ ಪರ್ಮಾಂಗನೇಟಿನ ಹರಳು, ತಂದಿದ್ದರು. ಅವಳು ಚಿಟಿಕೆ ತೆಗೆದು ಸೀಸೆಯಲ್ಲಿ ಕರಗಿಸಿದಳು.

"ಹಿಡಿ ತಮ್ಮಾ, ಅದs ಬಣ್ಣ. ಪ್ರಿನ್ಸಿಪಾಲರು ಸಂಸ್ಕೃತ ಓದಿದವರು, ಅವರಿಗೇನು ಗೊತ್ತಾಗ್ತದ?"

ಮಾರ್ತಾಂಡ ಹಿಡಿದ.

ಮರಾಠಿಯವರಾದ ಪ್ರಿನ್ಸಿಪಾಲರು ಒಬ್ಬರೇ ಇದ್ದರು. ಸೀಸೆ ನೋಡಿದರು, ನೀರಿನ ಲೋಟವನ್ನು ಮುಂದೆ ತಳ್ಳಿದರು, ಹಾಕಿ ತೋರಿಸು ಎಂದರು. ಮಾರ್ತಾಂಡ ಹಾಕಿದ. ನೊರೆ ಏಳಲಿಲ್ಲ. ತುಕ್ಕು ಇಳಿಯಲಿಲ್ಲ. ಲೋಟದ ನೀರು ಹೊಸ ಮದುವಣಗಿತ್ತಿಯ ಸೀರೆಯಂತೆ ನೇರಳೆಯಾಗಿಯೇ ಕೂತಿತು. ಮಾರ್ತಾಂಡ ಮನಸ್ಸಿನಲ್ಲೇ ರೈಲಿಗೆಂದು ಹಾಸಿಗೆ ಸುತ್ತಿ ಹಗ್ಗ ಬಿಗಿದ.

"ಶಾಬಾಸ್!" ಪ್ರಿನ್ಸಿಪಾಲರು ಮೇಜು ಗುದ್ದಿ ಮರಾಠಿಯಲ್ಲಿ ಗರ್ಜಿಸಿದರು. ನೀರು ಕಂಡೊಡನೆ ತುಕ್ಕಾಗುತ್ತದೆಂದು ರಘುರಾಮರು ಹೇಳಿದ್ದರು; ಈ ಹುಡುಗ ಅದನ್ನೂ ಗೆದ್ದಿದ್ದಾನೆ! ತುಕ್ಕೇ ಹಿಡಿಯದ ಕಬ್ಬಿಣ! ಬರುವ ವಾರ ಗವರ್ನರ್ ಸಾಹೇಬರು ಬರುತ್ತಾರೆ, ಅವರ ಕಣ್ಣೆದುರಿಗೇ ಮೊದಲಿನಿಂದ ಮಾಡಿ ಇದೇ ರೀತಿ ನೀರಿಗೆ ಹಾಕಿ ತೋರಿಸಬೇಕು. ಹೀಗೆಂದು, ಕೂತಲ್ಲಿಯೇ ಖಾಯಂ ಹುಕುಮಿಗೆ ಸಹಿ ಮಾಡಿ, ಮಸಿ ಆರುವ ಮೊದಲೇ ಮುಂದೆ ಚಾಚಿದರು.

ಮಾರ್ತಾಂಡ ಕಾಗದ ನೋಡಿದ, ಲೋಟ ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬರುತ್ತಿದ್ದ ಮರಾಠಿಯೂ ಮರೆತುಹೋಯಿತು.

"ನನಗ ಬ್ಯಾಡ್ರಿ," ಎಂದ.